ಮನೆಯೊಳಗಿನ ಗಾಲಿಕುರ್ಚಿ, ಮನೆಯಾಚೆಗಿನ ಕಾಡು

ಅಮೆರಿಕದ ಕಾನೂನಿನಲ್ಲಿ ಗಾಲಿಕುರ್ಚಿ ಅಂದರೆ ಏನು ಅನ್ನೋದಕ್ಕೆ ಒಂದು ವ್ಯಾಖ್ಯಾನ ಇದೆ. ಅದರಲ್ಲಿ ಎರಡು ಷರತ್ತು. ಒಂದು, ನಡೆಯಲು ಕಷ್ಟವಿರುವ ವ್ಯಕ್ತಿಯ ಓಡಾಟಕ್ಕೆಂದೇ ಅದನ್ನು ಮಾಡಿರಬೇಕು. ಎರಡು, ಕಟ್ಟಡದ ಒಳಗೆ ಜನ ನಡೆದಾಡುವ ಜಾಗದಲ್ಲಿ ಬಳಸೋಕೆ ಬರುವಂತಿರಬೇಕು. ಆಫೀಸು, ಮಾಲು, ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ತಪ್ಪೇನೂ ಕಾಣಲ್ಲ. ಆದರೆ ಈ ವ್ಯಾಖ್ಯಾನ ಬರೆದಿರೋದು ಕಾಡಿನ ವಿಷಯಕ್ಕೆ!

1964ರ ವೈಲ್ಡರ್‌ನೆಸ್ ಕಾಯ್ದೆ ಅಮೆರಿಕದ ಕೆಲವು ಕಾಡು, ಬೆಟ್ಟ, ಜೌಗು ಪ್ರದೇಶಗಳನ್ನು ಗುರುತಿಸಿ, ಅಲ್ಲಿ ಮೋಟಾರು ವಾಹನ ಮಾತ್ರ ಅಲ್ಲ, ಸೈಕಲ್ಲಿನಂಥ ಯಾಂತ್ರಿಕ ಸಾರಿಗೆಯೂ ಬೇಡ ಅಂತ ಹೇಳಿತು. ಇವತ್ತು ಅಂಥ ಜಾಗ 11 ಕೋಟಿ ಎಕರೆಗೂ ಹೆಚ್ಚಿದೆ. ನಮ್ಮ ಕರ್ನಾಟಕದಂಥ ಎರಡು ರಾಜ್ಯ ಅದರೊಳಗೆ ಕೂತು ಇನ್ನೂ ಜಾಗ ಮಿಗುತ್ತೆ. ಹಾಗಾದರೆ ಗಾಲಿಕುರ್ಚಿಯವರ ಗತಿ ಏನು ಅಂತ 1990ರಲ್ಲಿ ಅಂಗವಿಕಲರ ಹಕ್ಕಿನ ಕಾಯ್ದೆ ಬಂದಾಗ ಪ್ರಶ್ನೆ ಎದ್ದಿತು. ಗಾಲಿಕುರ್ಚಿ ಬೇಕಾದವರು ಅದರಲ್ಲೇ ಒಳಗೆ ಹೋಗಬಹುದು ಅನ್ನೋದು ಉತ್ತರ. ಜೊತೆಗೆ ಇನ್ನೆರಡು ಮಾತನ್ನೂ ಸೇರಿಸಿದರು. ಅವರಿಗಾಗಿ ಸರ್ಕಾರ ಅಲ್ಲಿ ಏನನ್ನೂ ಕಟ್ಟಬೇಕಿಲ್ಲ, ಏನನ್ನೂ ಬದಲಿಸಬೇಕಿಲ್ಲ. ಮತ್ತೆ, ಗಾಲಿಕುರ್ಚಿ ಅಂದರೆ ಇಂಥದ್ದೇ, ಒಳಾಂಗಣಕ್ಕೂ ಹೊಂದುವಂಥದ್ದು.

ಈ ಎರಡನೇ ಷರತ್ತು ಯಾಕೆ ಬಂತು ಅಂತ ಊಹಿಸೋದು ಕಷ್ಟ ಅಲ್ಲ. ಅದಿಲ್ಲದಿದ್ದರೆ ನಾಳೆ ಯಾರೋ ಜೀಪಿಗೆ ಸ್ಟಿಕ್ಕರ್ ಅಂಟಿಸಿ ಇದೇ ನನ್ನ ಗಾಲಿಕುರ್ಚಿ ಅಂದುಬಿಡುತ್ತಾನೆ. ಕಳ್ಳನನ್ನು ತಡೆಯೋಕೆ ಹಾಕಿದ ಬೇಲಿ ಅದು. ಬೆಂಗಳೂರಿನ ಫುಟ್‌ಪಾತ್ ಮೇಲೆ ಬೈಕು ಹತ್ತಬಾರದು ಅಂತ ಕಂಬ ನೆಡ್ತಾರಲ್ಲ, ಹಾಗೆ. ಬೈಕಿನವನು ಹೇಗೋ ಪಕ್ಕದಲ್ಲಿ ನುಸುಳಿಕೊಂಡು ಹೋಗುತ್ತಾನೆ. ಗಾಲಿಕುರ್ಚಿಯವರು ಮಾತ್ರ ಅಲ್ಲೇ ನಿಲ್ಲುತ್ತಾರೆ. ಈ ಕಲಮಿನಲ್ಲೂ ಆಗಿರೋದು ಅದೇ. ಮಾಲಿನ ಗ್ರಾನೈಟ್ ನೆಲದ ಮೇಲೆ ಓಡುವ ಸಣ್ಣ ಗಾಲಿಯ ಕುರ್ಚಿಗೆ ಕಾಡಿನೊಳಗೆ ಪೂರ್ತಿ ಅನುಮತಿ ಇದೆ, ಆದರೆ ಅದು ಹತ್ತು ಹೆಜ್ಜೆ ಹೋಗಿ ಕೆಸರಲ್ಲಿ ಹೂತುಕೊಳ್ಳುತ್ತೆ. ಕೆಸರು, ಹಿಮ, ಬಿದ್ದ ಮರದ ಕೊಂಬೆ ಎಲ್ಲವನ್ನೂ ದಾಟೋಕೆಂದೇ ಈಗ ಟ್ಯಾಂಕಿನ ಥರ ಪಟ್ಟಿ ಹಾಕಿದ ಬ್ಯಾಟರಿ ಕುರ್ಚಿಗಳು ಬಂದಿವೆ. ಅವು ಅಗಲ, ಭಾರ ಜಾಸ್ತಿ. ಬಾಗಿಲಲ್ಲಿ ಹಿಡಿಸದಿದ್ದರೆ ಕಾನೂನಿನ ಕಣ್ಣಲ್ಲಿ ಅದು ಗಾಲಿಕುರ್ಚಿಯೇ ಅಲ್ಲ, ವಾಹನ.

ಇದರ ಬಿಸಿ ಜೋರಾಗಿ ತಟ್ಟೋದು ಅಲ್ಲಿನ ಬೇಟೆಗಾರರಿಗೆ. ಬೇಟೆ ಅಂದ ತಕ್ಷಣ ನಮ್ಮಲ್ಲಿ ಅನೇಕರಿಗೆ ಮುಖ ಸಿಂಡರಿಸುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೆಳೆದ ನಮಗೆ ಅದು ಅಪರಾಧ, ಅಷ್ಟೇ. ನಾನೂ ಬೇಟೆಯ ವಕಾಲತ್ತು ಮಾಡೋಕೆ ಇದನ್ನು ಬರೀತಿಲ್ಲ. ಆದರೆ ಅಮೆರಿಕದಲ್ಲಿ ಅದು ಕಾನೂನುಬದ್ಧ. ಲೈಸೆನ್ಸ್, ಋತು, ಒಬ್ಬರಿಗೆ ಎಷ್ಟು ಪ್ರಾಣಿ ಅನ್ನೋದೆಲ್ಲ ಲೆಕ್ಕದ ಪ್ರಕಾರ. ಬಂದೂಕು, ಗುಂಡಿನ ಮೇಲಿನ ತೆರಿಗೆ ದುಡ್ಡು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಮೂಲಕ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತೆ. ಕೋಟಿಗೂ ಹೆಚ್ಚು ಜನಕ್ಕೆ ಶರತ್ಕಾಲದ ಆ ಕೆಲವು ವಾರಗಳು ನಮ್ಮಲ್ಲಿ ಊರಹಬ್ಬ ಇದ್ದಂತೆ. ಅಪ್ಪ, ಮಗಳು, ಚಿಕ್ಕಪ್ಪ ಎಲ್ಲ ಒಟ್ಟಿಗೆ ಸೇರುವ ಹೊತ್ತು. ಬೆನ್ನುಮೂಳೆಗೆ ಪೆಟ್ಟಾದವರು, ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರು, ಮಂಡಿ ಸವೆದ ಅಜ್ಜಂದಿರು ಆ ಹಬ್ಬದಿಂದ ಹೊರಗೆ ಉಳೀಬೇಕಾ ಅನ್ನೋದು ಪ್ರಶ್ನೆ. ಸರ್ಕಾರ ಎಲ್ಲರ ಹತ್ರಾನೂ ಲೈಸೆನ್ಸಿನ ದುಡ್ಡು ಇಸ್ಕೊಳ್ಳುತ್ತೆ ಅಂದಮೇಲೆ ಜಾಗ ತಲುಪೋ ದಾರಿಯ ಬಗ್ಗೆಯೂ ಉತ್ತರ ಕೊಡಬೇಕು.

ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಸದಾ ಕಲಸಿಕೊಂಡಿರುತ್ತವೆ. ವಾಹನದಲ್ಲಿ ಕೂತೇ ಗುಂಡು ಹೊಡೆಯೋಕೆ ಅನುಮತಿ ಅನ್ನೋದು ಒಂದು. ಬೇರೆಯವರಿಗೆ ಮುಚ್ಚಿದ ರಸ್ತೆಯ ಗೇಟು ದಾಟಿ ವಾಹನದಲ್ಲಿ ಒಳಗೆ ಹೋಗೋಕೆ ಅನುಮತಿ ಅನ್ನೋದು ಇನ್ನೊಂದು. ಮೊದಲನೆಯದು ನೀತಿಯ ಪ್ರಶ್ನೆ, ಎರಡನೆಯದು ನೆಲದ ಪ್ರಶ್ನೆ. ಅವನ್ನು ಬಿಡಿಸಿ ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಮೊದಲನೆಯದಕ್ಕೆ ಅನೇಕ ರಾಜ್ಯಗಳು ಆಗಲೇ ದಾರಿ ಮಾಡಿವೆ. ಮೊಂಟಾನಾದಲ್ಲಿ ಇಂಥ ಪರ್ಮಿಟ್ ಇದ್ದವರು ದೊಡ್ಡ ಹೆದ್ದಾರಿಗಳನ್ನು ಬಿಟ್ಟು ಉಳಿದ ಸಾರ್ವಜನಿಕ ರಸ್ತೆಯ ಅಂಚಿನಲ್ಲಿ ವಾಹನ ನಿಲ್ಲಿಸಿ ಅದರೊಳಗಿಂದಲೇ ಹೊಡೆಯಬಹುದು. ವಾಹನದ ಮೇಲೆ ಅಂಗವಿಕಲರ ಚಿಹ್ನೆ ಎದ್ದು ಕಾಣಬೇಕು. ಬಿದ್ದ ಪ್ರಾಣಿಯನ್ನು ತರೋಕೆ ಜೊತೆಗೊಬ್ಬರು ಇರಬೇಕು. ಮಿಶಿಗನ್‌ನಲ್ಲೂ ನಿಂತ ವಾಹನದಿಂದ ಬೇಟೆಯಾಡೋಕೆ ಪರ್ಮಿಟ್ ಇದೆ. ಈ ನಿಯಮಗಳ ತಿರುಳು ಒಂದೇ: ವಾಹನ ನಿಂತಿರಬೇಕು. ಪ್ರಾಣಿಯನ್ನು ವಾಹನದಲ್ಲಿ ಅಟ್ಟಿಸಿಕೊಂಡು ಹೋಗುವ ಹಾಗಿಲ್ಲ.

ಆದರೂ ಗೊಣಗಾಟ ನಿಂತಿಲ್ಲ. ಕಾರಲ್ಲಿ ಕೂತು ಹೊಡೆಯೋದೂ ಒಂದು ಬೇಟೆಯಾ ಅಂತ ಕೇಳ್ತಾರೆ. 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಗೆಳೆಯರು ಶುರುಮಾಡಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಅಲ್ಲಿ ನ್ಯಾಯಯುತ ಬೇಟೆಯ ತತ್ವವನ್ನು ಬೆಳೆಸಿತು. ಬೇಟೆಗಾರನಿಗೆ ಪ್ರಾಣಿಯ ಮೇಲೆ ಅನುಚಿತವಾದ ಮೇಲುಗೈ ಸಿಗಬಾರದು ಅನ್ನೋದು ಅದರ ಸಾರ. ಒಳ್ಳೆ ತತ್ವ. ಆದರೆ ಅಲ್ಲಿ ಜಿಂಕೆ ಬೇಟೆ ಸಾಮಾನ್ಯವಾಗಿ ಹೇಗೆ ನಡೆಯುತ್ತೆ ನೋಡಿ. ಆರೋಗ್ಯವಂತರೇ ಮರಕ್ಕೆ ಕಟ್ಟಿದ ಅಟ್ಟಣೆ ಮೇಲೆ, ಇಲ್ಲಾ ನಾಲ್ಕು ಗೋಡೆಯ ಸಣ್ಣ ಡಬ್ಬಿಯಂಥ ಗೂಡಿನೊಳಗೆ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತಾರೆ. ನಮ್ಮ ಮಲೆನಾಡಿನ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಸಿಗೆ ಕೂರೋದು ಅಂತಾನೇ ಅದಕ್ಕೆ ಹೆಸರಿತ್ತು. ಹಳು ಸೋವುವವರು ಬೇರೆ, ಕೂತು ಕಾಯುವವರು ಬೇರೆ, ಇಬ್ಬರದ್ದೂ ಶಿಕಾರಿಯೇ. ಇಪ್ಪತ್ತು ಅಡಿ ಎತ್ತರದಲ್ಲಿ ಕೂತವನಿಗಿಂತ ಇಂಜಿನ್ ಆರಿಸಿದ ವ್ಯಾನಿನಲ್ಲಿ ಕೂತವನಿಗೆ ಯಾವ ಅನುಚಿತ ಮೇಲುಗೈ ಇದೆ? ಜಿಂಕೆಯ ಕಡೆಯಿಂದ ನೋಡಿದರೆ ಮೇಲುಗೈ ಇರೋದು ಮರದ ಮೇಲಿನವನಿಗೇ. ಅವನ ವಾಸನೆಯೂ ತಪ್ಪುತ್ತೆ, ಕಣ್ಣಿಗೂ ಬೀಳಲ್ಲ. ಹಾಗಾಗಿ ಈ ಆಕ್ಷೇಪಣೆ ಪ್ರಾಣಿಯ ಪರವಾಗಿ ಇಲ್ಲ. ಬೇಟೆಗಾರ ಅಂದರೆ ಹೇಗೆ ಕಾಣಬೇಕು ಅನ್ನೋ ಚಿತ್ರದ ಪರವಾಗಿ ಇದೆ.

ಎರಡನೆಯದು, ಅಂದರೆ ಗೇಟಿನ ವಿಷಯ, ಇಷ್ಟು ಸುಲಭ ಅಲ್ಲ. ಆರಿಗಾನ್ ರಾಜ್ಯದಲ್ಲಿ ಸ್ಟಾರ್ಕಿ ಅಂತ ಒಂದು ಪ್ರಯೋಗಾರ್ಥ ಅರಣ್ಯ ಇದೆ. ಸುಮಾರು 25,000 ಎಕರೆಗೆ ಎತ್ತರದ ಬೇಲಿ ಹಾಕಿ, ಎಲ್ಕ್‌ಗಳ ಕೊರಳಿಗೆ ಪಟ್ಟಿ ಕಟ್ಟಿ, ಅವು ಎಲ್ಲಿ ಓಡಾಡ್ತವೆ ಅಂತ ವರ್ಷಗಟ್ಟಲೆ ನೋಡಿದ್ದಾರೆ. ಎಲ್ಕ್ ಅಂದರೆ ನಮ್ಮ ಕಡವೆಯ ನೆಂಟ ಅಂದುಕೊಳ್ಳಿ. ನಡೆಯುವವರು, ಕುದುರೆಯವರು, ಸೈಕಲ್ಲಿನವರು, ನಾಲ್ಕು ಗಾಲಿಯ ಎಟಿವಿ ಓಡಿಸುವವರು ಯಾರು ಬಂದರೂ ಎಲ್ಕ್ ದೂರ ಸರಿಯಿತು. ಎಲ್ಲಕ್ಕಿಂತ ಹೆಚ್ಚು ಸರಿದಿದ್ದು ಎಟಿವಿ ಬಂದಾಗ. ಅಂದರೆ ರಸ್ತೆಗೆ ಗೇಟು ಹಾಕೋರು ಸುಮ್ಮನೆ ಹಠಕ್ಕೆ ಹಾಕಿಲ್ಲ. ವಾಹನ ಹೋದಲ್ಲಿ ಪ್ರಾಣಿ ನಿಲ್ಲಲ್ಲ ಅನ್ನೋದಕ್ಕೆ ಪುರಾವೆ ಇದೆ.

ಈ ಪುರಾವೆಯನ್ನು ಅಂಗವಿಕಲ ಬೇಟೆಗಾರನ ವಿರುದ್ಧದ ವಾದವಾಗಿ ಎಲ್ಲರೂ ಓದುತ್ತಾರೆ. ನನಗೆ ಅದು ಅವನ ಪರವಾದ ವಾದವಾಗಿಯೇ ಕಾಣುತ್ತೆ. ಸ್ವಲ್ಪ ಯೋಚಿಸಿ. ಗೇಟನ್ನು ಎಲ್ಲರಿಗೂ ತೆಗೆದುಬಿಟ್ಟರೆ ಎಲ್ಕ್ ರಸ್ತೆಯಿಂದ ದೂರ ಹೋಗುತ್ತೆ. ಗಟ್ಟಿ ಕಾಲಿನವನು ಎರಡು ಮೈಲಿ ಹತ್ತಿ ಅದರ ಹಿಂದೆ ಹೋಗಬಲ್ಲ. ರಸ್ತೆ ಬಿಟ್ಟು ಕದಲಲಾಗದವನು ಖಾಲಿ ಕಣಿವೆ ನೋಡ್ತಾ ಕೂರಬೇಕು. ರಸ್ತೆ ಹತ್ತಿರವೇ ಪ್ರಾಣಿ ಸಿಗೋದು ಯಾರಿಗೆ ಎಲ್ಲರಿಗಿಂತ ಹೆಚ್ಚು ಮುಖ್ಯ? ನಡೆಯಲಾಗದವನಿಗೇ. ಹಾಗಾಗಿ ಮುಚ್ಚಿದ ಗೇಟು ಅವನ ಶತ್ರು ಅಲ್ಲ. ಗೇಟು ಮುಚ್ಚಿರಬೇಕು, ಅದರ ಬೀಗದ ಕೈ ಅವನಂಥ ಕೆಲವರ ಹತ್ತಿರ ಇರಬೇಕು. ಗೇಟೇ ಬೇಡ ಅನ್ನೋದಕ್ಕೂ ಕೀಲಿ ಕೊಡಿ ಅನ್ನೋದಕ್ಕೂ ಅಜಗಜಾಂತರ.

ಕೀಲಿ ಕೊಟ್ಟರೆ ಕಾಡು ಕಾಡಾಗಿ ಉಳಿಯಲ್ಲ ಅಂತ ಇಲಾಖೆಗಳು ಹೇಳಬಹುದು. ಈ ಮಾತನ್ನು ಕೋರ್ಟಿನಲ್ಲಿ ಪರೀಕ್ಷೆ ಮಾಡಿದ ಒಂದು ಪ್ರಕರಣ ಇದೆ, ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಪಾರ್ಕಿನದ್ದು. ಸುಮಾರು 60 ಲಕ್ಷ ಎಕರೆಯ ಆ ಪಾರ್ಕಿನಲ್ಲಿ ಅರ್ಧಕ್ಕೆ ಹತ್ತಿರದಷ್ಟು ನೆಲ ರಾಜ್ಯದ್ದು. ಅದನ್ನು ಎಂದೆಂದಿಗೂ ಕಾಡಾಗಿಯೇ ಇಡಬೇಕು ಅಂತ 1894ರಲ್ಲಿ ರಾಜ್ಯದ ಸಂವಿಧಾನಕ್ಕೇ ಸೇರಿಸಿಬಿಟ್ಟಿದ್ದಾರೆ. ಅಲ್ಲಿನ ಮುಚ್ಚಿದ ರಸ್ತೆಗಳಲ್ಲಿ ವಾಹನದಲ್ಲಿ ಹೋಗಲು ಬಿಡಿ ಅಂತ ನಡೆಯಲು ಕಷ್ಟವಿದ್ದ ಕೆಲವರು 1998ರಲ್ಲಿ ಮೊಕದ್ದಮೆ ಹೂಡಿದರು. ಆಗ ಮುಖ್ಯವಾಗಿದ್ದು ಒಂದೇ ಸಂಗತಿ: ಸಾರ್ವಜನಿಕರಿಗೆ ಮುಚ್ಚಿದ್ದ ಆ ರಸ್ತೆಗಳಲ್ಲಿ ಇಲಾಖೆಯ ಗಾಡಿಗಳು ಓಡಾಡುತ್ತಿದ್ದವು, ಅದೂ ತುರ್ತು ಕೆಲಸಕ್ಕೆ ಮಾತ್ರ ಅಲ್ಲ. ತುರ್ತು ಅಲ್ಲದ ಕೆಲಸಕ್ಕೆ ಬೇರೆಯವರು ಬಳಸುವ ರಸ್ತೆಯನ್ನು ಇವರಿಗೆ ನಿರಾಕರಿಸುವ ಹಾಗಿಲ್ಲ ಅಂತ ಕೋರ್ಟು ತಡೆಯಾಜ್ಞೆ ಕೊಟ್ಟಿತು. 2001ರಲ್ಲಿ ಎರಡೂ ಕಡೆಯವರು ಒಪ್ಪಂದಕ್ಕೆ ಬಂದರು. ಗೊತ್ತುಮಾಡಿದ ಕೆಲವು ರಸ್ತೆಗಳಲ್ಲಿ ಪರ್ಮಿಟ್ ಪಡೆದ ಅಂಗವಿಕಲರು ಮೋಟಾರು ವಾಹನದಲ್ಲಿ ಹೋಗುವ ವ್ಯವಸ್ಥೆ ಹಾಗೆ ನೆಲೆನಿಂತಿತು.

ಸಾಫ್ಟ್‌ವೇರಿನವರಿಗೆ ಇದು ದಿನಾ ನೋಡುವ ಕಥೆ. ಡಾಕ್ಯುಮೆಂಟಿನಲ್ಲಿ ಯಾರಿಗೂ ಪ್ರವೇಶ ಇಲ್ಲ ಅಂತ ಬರೆದಿರುತ್ತೆ. ಪ್ರೊಡಕ್ಷನ್ ಲಾಗ್ ತೆಗೆದು ನೋಡಿದರೆ ಅಡ್ಮಿನ್ ಅಕೌಂಟು ದಿನಕ್ಕೆ ನಾಲ್ಕು ಸಲ ಒಳಗೆ ಹೋಗಿ ಬಂದಿರುತ್ತೆ. ಆಗ ಚರ್ಚೆ ಬೇರೆಯಾಗುತ್ತೆ. ಯಾರನ್ನೂ ಬಿಡಲ್ಲ ಅನ್ನೋದು ಒಂದು ನಿಯಮ. ನಮ್ಮವರನ್ನು ಬಿಡ್ತೀವಿ, ನಿಮ್ಮನ್ನು ಬಿಡಲ್ಲ ಅನ್ನೋದು ಇನ್ನೊಂದು ನಿಯಮ. ಎರಡನೆಯದಕ್ಕೆ ಕಾರಣ ಕೊಡಬೇಕಾಗುತ್ತೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯವರನ್ನೂ ಮುಟ್ಟದೆ ಬಿಡೋಕಾಗಲ್ಲ. ಕಾಡಿನ ರಸ್ತೆಗಳನ್ನೆಲ್ಲ ಎಟಿವಿಗೆ ತೆಗೆಯಿರಿ ಅಂತ ಕೇಳುವ ಗುಂಪುಗಳಿವೆ. ಅಂಗವಿಕಲರು ಏನು ಮಾಡಬೇಕು ಅನ್ನೋದು ಆ ವಾದದಲ್ಲಿ ಪದೇ ಪದೇ ಬರುವ ಮಾತು. ಆದರೆ ರಸ್ತೆ ತೆಗೆದ ಮೇಲೆ ಅದರಲ್ಲಿ ಓಡಾಡೋರು ಬಹುಪಾಲು ಯಾರು? ಗಟ್ಟಿಮುಟ್ಟಾದವರೇ. ಬೇರೆಯವರ ಗಾಲಿಕುರ್ಚಿಯನ್ನು ಮುಂದೆ ತಳ್ಳಿಕೊಂಡು ತಮ್ಮ ಗಾಡಿಗೆ ದಾರಿ ಮಾಡಿಕೊಳ್ಳೋದು ಇದು.

ಕಾಡಿನ ಪರ ಇರುವವರ ಕೈಯಲ್ಲೂ ಒಂದು ಅಂಕಿ ಇದೆ. ಅಮೆರಿಕದ ರಾಷ್ಟ್ರೀಯ ಅಂಗವಿಕಲತಾ ಮಂಡಳಿ 1992ರಲ್ಲಿ ಒಂದು ವರದಿ ಕೊಟ್ಟಿತು. ವೈಲ್ಡರ್‌ನೆಸ್ ಕಾಯ್ದೆಯ ವಾಹನ ನಿರ್ಬಂಧದಿಂದ ನಮ್ಮ ಕಾಡಿನ ಅನುಭವಕ್ಕೇನೂ ಕಡಿಮೆಯಾಗಿಲ್ಲ ಅಂತ ಅದರ ಸಮೀಕ್ಷೆಯಲ್ಲಿ 76% ಅಂಗವಿಕಲರು ಹೇಳಿದ್ದರು. ನೋಡಿ, ಅವರೇ ಬೇಡ ಅಂತಾರೆ ಅಂತ ಇದನ್ನು ಎತ್ತಿ ತೋರಿಸ್ತಾರೆ. ಆದರೆ ಕೇಳಿದ್ದು ಆಗಲೇ ಆ ಕಾಡುಗಳಿಗೆ ಹೋಗಿ ಬಂದವರನ್ನು. ಮೆಟ್ಟಿಲು ಹತ್ತಿ ಮೇಲೆ ಬಂದವರನ್ನು ಮಾತ್ರ ಹಿಡಿದು ಮೆಟ್ಟಿಲು ಕಷ್ಟ ಆಯ್ತಾ ಅಂತ ಕೇಳಿದ ಹಾಗೆ. ಕೆಳಗೇ ಉಳಿದವರು ಆ ಲೆಕ್ಕದಲ್ಲಿ ಬರೋದೇ ಇಲ್ಲ. ಹಾಗಂತ ಆ 76% ಜನರ ಮಾತನ್ನು ತಳ್ಳಿಹಾಕೋದೂ ತಪ್ಪು. ದೋಣಿಯಲ್ಲೋ ಕುದುರೆಯ ಮೇಲೋ ಗೆಳೆಯರ ಸಹಾಯದಿಂದಲೋ ಮೋಟಾರಿನ ಸದ್ದಿಲ್ಲದ ಕಾಡಿಗೆ ಹೋಗಬೇಕು ಅನ್ನೋ ಆಸೆ ಅಂಗವಿಕಲರಿಗೂ ಇರುತ್ತೆ. ಅಂಗವಿಕಲರೆಲ್ಲರಿಗೂ ಒಂದೇ ಅಭಿಪ್ರಾಯ ಇರಬೇಕು ಅಂತ ಎರಡೂ ಕಡೆಯವರು ಅಂದುಕೊಂಡಿರೋದೇ ವಿಚಿತ್ರ.

ಪೋಲಿಯೋದಿಂದ ಕಾಲು ಸೊರಗಿದ್ದ ನಮ್ಮ ದೊಡ್ಡಪ್ಪ ಗದ್ದೆ ಕಾಯೋಕೆ ಹೋಗ್ತಿದ್ದರು. ಬೇಟೆಗಲ್ಲ, ಹಂದಿ ಬಂದರೆ ಡಬ್ಬ ಬಡಿದು ಓಡಿಸೋಕೆ. ಉಳಿದವರ ಅಟ್ಟಣೆಗಿಂತ ಅವರದ್ದು ತಗ್ಗು, ಏಣಿಯ ಮೆಟ್ಟಿಲೂ ಹತ್ತಿರ ಹತ್ತಿರ. ಅವರಿಗೆ ಯಾಕೆ ಕಾವಲು ಅಂತ ಯಾರೋ ಅಂದಾಗ ಅಜ್ಜ ಹೇಳಿದ್ದು ಇಷ್ಟೇ: "ಕಾಲು ಸೊಟ್ಟಗಿದ್ರೇನೋ, ಕಿವಿ ನೆಟ್ಟಗಿದ್ಯಲ್ಲ." ಹಳ್ಳಿಯಲ್ಲಿ ಎಲ್ಲ ಚೆನ್ನಾಗಿತ್ತು ಅನ್ನೋಕೆ ಇದನ್ನು ಹೇಳ್ತಿಲ್ಲ. ಅದೇ ಊರಿನಲ್ಲಿ ಅವರನ್ನು ಅಡ್ಡಹೆಸರಿಟ್ಟು ಕೂಗೋರೂ ಇದ್ದರು. ಅಲ್ಲಿ ಸರ್ಟಿಫಿಕೇಟು ಬೇಕಾಗಲಿಲ್ಲ ಯಾಕಂದರೆ ಎಲ್ಲರಿಗೂ ಎಲ್ಲರ ಕಾಲು ಗೊತ್ತಿತ್ತು. 40 ಮನೆಯ ಊರಿಗೆ ಸಾಕಾಗುವ ಆ ನಂಬಿಕೆ ಕೋಟಿ ಬೇಟೆಗಾರರ ದೇಶಕ್ಕೆ ಸಾಕಾಗಲ್ಲ. ಅಲ್ಲಿ ನಿಯಮ ಬೇಕು. ಆದರೆ ಅಜ್ಜ ಕೇಳಿಕೊಂಡ ಪ್ರಶ್ನೆಯನ್ನು ನಿಯಮವೂ ಕೇಳಬಹುದು: ಈ ಕೆಲಸಕ್ಕೆ ಏನು ಬೇಕು, ಇವನಿಗೆ ಅದು ಇದೆಯಾ, ಇಲ್ಲದಿದ್ದರೆ ಏಣಿಯಲ್ಲಿ ಏನು ಬದಲಿಸಬೇಕು?

ಅಂಥ ನಿಯಮ ಅಮೆರಿಕದಲ್ಲೇ ಇದೆ ಅನ್ನೋದು ತಮಾಷೆ. 2011ರಿಂದ ಜಾರಿಯಲ್ಲಿರುವ ನ್ಯಾಯ ಇಲಾಖೆಯ ನಿಯಮದ ಪ್ರಕಾರ, ರಾಜ್ಯ ಮತ್ತು ಸ್ಥಳೀಯ ಸರ್ಕಾರದ ಜಾಗಗಳಲ್ಲಿ ನಡೆಯಲು ಕಷ್ಟವಿರುವವರು ಗಾಲಿಕುರ್ಚಿ ಅಲ್ಲದ ಬೇರೆ ಚಾಲಿತ ಸಾಧನವನ್ನೂ ಬಳಸಬಹುದು. ಬೇಡ ಅನ್ನಬೇಕಾದರೆ ಕಾರಣ ತೋರಿಸುವ ಹೊಣೆ ಜಾಗದ ಯಜಮಾನನದ್ದು. ಸಾಧನದ ಗಾತ್ರ, ತೂಕ, ವೇಗ ಎಷ್ಟು, ಅಲ್ಲಿ ಎಷ್ಟು ಜನ ಓಡಾಡ್ತಾರೆ, ಜಾಗ ಹೇಗಿದೆ, ಸುರಕ್ಷತೆ ಏನು, ನೆಲಕ್ಕೋ ಗಿಡಕ್ಕೋ ಗಂಭೀರ ಹಾನಿ ಆಗುತ್ತಾ, ಇಷ್ಟನ್ನು ತೂಗಿ ನೋಡಬೇಕು. ನಿನಗೇನಾಗಿದೆ ಅಂತ ಕೆದಕಿ ಕೇಳುವ ಹಾಗಿಲ್ಲ. ಅಂಗವಿಕಲರ ಪಾರ್ಕಿಂಗ್ ಕಾರ್ಡು ತೋರಿಸಿದರೆ ಸಾಕು. ವಸ್ತುವಿನ ಹೆಸರಿನ ಮೇಲೆ ತೀರ್ಮಾನ ಮಾಡದೆ, ಅದು ಇಲ್ಲಿ ಏನು ಮಾಡುತ್ತೆ ಅನ್ನೋದರ ಮೇಲೆ ತೀರ್ಮಾನ. ನಾನು ಓದಿದ ಪ್ರವೇಶ ನಿಯಮಗಳಲ್ಲಿ ಇಷ್ಟು ಚೆನ್ನಾಗಿ ಯೋಚಿಸಿ ಬರೆದದ್ದು ಕಡಿಮೆ.

ಆದರೆ ಇದು ಕೇಂದ್ರ ಸರ್ಕಾರದ ಕಾಡುಗಳನ್ನು ಕಟ್ಟಿಹಾಕಲ್ಲ. ಯು.ಎಸ್. ಫಾರೆಸ್ಟ್ ಸರ್ವಿಸ್ 2005ರಲ್ಲಿ ವಾಹನ ಸಂಚಾರದ ನಿಯಮ ಮಾಡಿದಾಗ ಯಾವುದು ವಾಹನ ಅಲ್ಲ ಅಂತ ಹೇಳೋಕೆ ಮತ್ತೆ ಅದೇ ಹಳೆಯ ಸಾಲನ್ನು ತಂದು ಅಂಟಿಸಿತು, ಒಳಾಂಗಣಕ್ಕೆ ಹೊಂದುವ ಗಾಲಿಕುರ್ಚಿ. ನಾವು ಹಳೆಯ ಪ್ರಾಜೆಕ್ಟಿನಿಂದ ಕೋಡು ಕಾಪಿ ಮಾಡ್ತೀವಲ್ಲ, ಹಾಗೆ. ವೈಲ್ಡರ್‌ನೆಸ್‌ಗೆ ಬರೆದ ಕಟ್ಟುನಿಟ್ಟಿನ ವ್ಯಾಖ್ಯಾನ ಅದರಿಂದ ಹೊರಗಿನ ಸಾಮಾನ್ಯ ಕಾಡಿಗೂ ಬಂದು ಕೂತಿತು. ಪರಿಣಾಮ ಏನು ಅಂದರೆ, ಅದೇ ಮನುಷ್ಯ, ಅದೇ ಪಟ್ಟಿ ಹಾಕಿದ ಕುರ್ಚಿ, ಅದೇ ಬೆಟ್ಟದ ಸಾಲು. ರಾಜ್ಯದ ನೆಲದಲ್ಲಿ ಒಂದು ಪ್ರಶ್ನೆ, ಗಡಿಕಲ್ಲು ದಾಟಿದರೆ ಇನ್ನೊಂದು ಪ್ರಶ್ನೆ. ಜಿಂಕೆಗೆ ಆ ಗಡಿ ಗೊತ್ತಿಲ್ಲ.

ನನ್ನ ತಕರಾರು ಮೂರು. ವೈಲ್ಡರ್‌ನೆಸ್ ಒಳಗೆ ಮೋಟಾರು ಬೇಡ ಅನ್ನೋದನ್ನು ಹಾಗೇ ಇಡಿ. ಅದೊಂದು ಆಯ್ಕೆ, ಅದಕ್ಕೆ ಬೆಲೆ ಇದೆ. ಆದರೆ ಹೊರಗಿನ ಕಾಡಿಗೆ ಒಳಾಂಗಣದ ಅಳತೆಗೋಲು ಬೇಡ. ಕುರ್ಚಿಯ ತೂಕ, ವೇಗ, ನೆಲದ ಮೇಲೆ ಬೀಳುವ ಒತ್ತಡಕ್ಕೆ ಮಿತಿ ಹಾಕಿ. ಜೀಪನ್ನು ತಡೆಯೋಕೆ ಅಷ್ಟು ಸಾಕು. ಎರಡನೆಯದು, ಪರ್ಮಿಟ್ ಅಂದರೆ ಡಾಕ್ಟರ ಚೀಟಿ ಮಾತ್ರ ಅಲ್ಲ. ಯಾವ ರಸ್ತೆ, ಯಾವ ತಿಂಗಳು, ಒಂದು ಸಲಕ್ಕೆ ಎಷ್ಟು ಗಾಡಿ ಅನ್ನೋದು ಅದರಲ್ಲಿ ಇರಬೇಕು. ಕಾಡಿಗೆ ಮುಖ್ಯ ಆಗೋದು ಗಾಡಿಗಳ ಲೆಕ್ಕ, ಮನುಷ್ಯನ ಎಕ್ಸ್‌ರೇ ಅಲ್ಲ. ಮೂರನೆಯದು, ಸಣ್ಣ ವಿಷಯಗಳು. ಗೇಟು ವಾಹನಕ್ಕೆ ಮುಚ್ಚಿದ್ದರೂ ಕಾಲುನಡಿಗೆಗೆ ಬಿಟ್ಟ ಕಡೆ ಅದರ ಪಕ್ಕದಲ್ಲಿ 36 ಇಂಚು ಅಗಲದ ದಾರಿ ಇರಬೇಕು ಅಂತ ಫಾರೆಸ್ಟ್ ಸರ್ವಿಸ್‌ನ ಮಾರ್ಗಸೂಚಿಯೇ ಹೇಳುತ್ತೆ. ಆ ಸಂದಿಗೆ ಅಡ್ಡ ಒಂದು ಬಂಡೆ ಉರುಳಿಸಿಟ್ಟರೆ ಮುಗೀತು, ಯಾವ ಕೋರ್ಟೂ ಯಾವ ಕಾಯ್ದೆಯೂ ಕೆಲಸಕ್ಕೆ ಬರಲ್ಲ. ಗೇಟಿನ ಅಗಲ, ದಾರಿಯ ಏರು, ನೆಲ ಜಲ್ಲಿಯೋ ಕೆಸರೋ ಅನ್ನೋದನ್ನು ನಕ್ಷೆಯಲ್ಲಿ ಮೊದಲೇ ಹಾಕಿದರೆ ಹೋಗಬೇಕೋ ಬೇಡವೋ ಅಂತ ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ.

ಪ್ರವೇಶದ ಬಗ್ಗೆ ಎಲ್ಲಿ ಜಗಳ ಬಂದರೂ, ಕಾಡಾಗಲಿ, ಆಫೀಸಿನ ಸರ್ವಿಸ್ ಲಿಫ್ಟ್ ಆಗಲಿ, ಅಪಾರ್ಟ್‌ಮೆಂಟಿನ ಹಿಂದಿನ ಗೇಟಾಗಲಿ, ಅಡಿರಾಂಡಾಕ್ ಪ್ರಕರಣದ ಪ್ರಶ್ನೆಯನ್ನೇ ಮೊದಲು ಕೇಳಿ ನೋಡಿ: ಈ ಬೀಗದ ಕೈ ಈಗಾಗಲೇ ಯಾರ ಜೇಬಿನಲ್ಲಿದೆ? ಯಾರ ಜೇಬಿನಲ್ಲೂ ಇಲ್ಲ ಅನ್ನೋದಾದರೆ ಗೇಟಿಗೊಂದು ನಮಸ್ಕಾರ ಹಾಕಿ ವಾಪಸ್ ಬರಬಹುದು. ಯಾರದ್ದೋ ಜೇಬಿನಲ್ಲಿದೆ ಅಂತಾದರೆ, ಇನ್ನೂ ಒಂದು ನಕಲು ಮಾಡಿಸೋಕೆ ಏನು ಅಡ್ಡಿ ಅಂತ ಅವರು ಹೇಳಬೇಕು. ಹೇಳೋ ತನಕ ನಾವು ಗೇಟಿನ ಹತ್ತಿರವೇ ಇರೋಣ.